ಚೆರಿ ಹಲಗೆಯಲ್ಲಿ ಕಡೆದ ಮಳೆ

ಜಪಾನಿನ ಸುಮಿದಾ ಹೊಳೆಯ ಮೇಲೊಂದು ಮರದ ಸೇತುವೆ. ಇದ್ದಕ್ಕಿದ್ದಂತೆ ಮಳೆ ಹಿಡಿದುಕೊಂಡಿದೆ. ಕೊಡೆಯೋ ಚಾಪೆಯೋ, ಕೈಗೆ ಸಿಕ್ಕಿದ್ದನ್ನು ತಲೆಗೆ ಹಿಡಿದು ಜನ ಬಿರಬಿರನೆ ದಾಟುತ್ತಿದ್ದಾರೆ. ಕೆಳಗೆ ಒಬ್ಬಂಟಿ ತೆಪ್ಪದವ. ಉತಗಾವಾ ಹಿರೋಶಿಗೆಯ 1857ರ ಈ ಚಿತ್ರದ ಎತ್ತರ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಗೋಡೆಗೆ ಬಂದರೆ ಕೋಣೆಗೇ ತಂಪು ತರುತ್ತದೆ. ಮೂವತ್ತು ವರ್ಷಗಳ ನಂತರ ಪ್ಯಾರಿಸ್‌ನಲ್ಲಿ ವ್ಯಾನ್ ಗೋ ಇದನ್ನೇ ಎದುರಿಗಿಟ್ಟುಕೊಂಡು ತೈಲವರ್ಣದಲ್ಲಿ ಬರೆದ.

ಆ ಮಳೆಯ ಗೆರೆಗಳನ್ನು ಹತ್ತಿರದಿಂದ ನೋಡಬೇಕು. ಅವು ಕುಂಚದ ಗೆರೆಗಳಲ್ಲ. ಚೆರಿ ಮರದ ಹಲಗೆಯಲ್ಲಿ ಗೆರೆಯ ಎರಡೂ ಮಗ್ಗುಲನ್ನು ಕೆತ್ತಿ ತೆಗೆದು, ಎಳೆಯಷ್ಟೇ ಮರವನ್ನು ಉಳಿಸಿಕೊಂಡದ್ದು. ಉಳಿ ತುಸು ಜಾರಿದರೂ ಗೆರೆ ಹೋಯಿತು! ಹೀಗೆ ಕಡೆದ ಎರಡು ಹಲಗೆಗಳ ಗೆರೆಗಳು ಬೇರೆ ಬೇರೆ ಓರೆಯಲ್ಲಿವೆ. ಮಳೆ ಗಾಳಿಗೆ ಸಿಕ್ಕಂತೆ ಕಾಣುವುದು ಅದರಿಂದ. ಕೆತ್ತಿದವನು ಹಿರೋಶಿಗೆ ಅಲ್ಲ. ಆತ ನಕ್ಷೆ ಬರೆದುಕೊಟ್ಟ. ಕೆತ್ತುವವನು ಬೇರೆ, ಅಚ್ಚೊತ್ತುವವನು ಬೇರೆ, ಹಣ ಹೂಡಿ ಮಾರುವ ಪ್ರಕಾಶಕ ಬೇರೆ. ಮೇಲಂಚಿನಲ್ಲಿ ಕಪ್ಪಾಗಿ ಕೆಳಗಿಳಿಯುತ್ತ ತಿಳಿಯಾಗುವ ಮೋಡ ಅಚ್ಚಿನವನ ಕೈಚಳಕ. ಒದ್ದೆ ಮಾಡಿದ ಹಲಗೆಯ ಮೇಲೆ ಬಣ್ಣ ಹರಡುವ ಈ ‘ಬೊಕಾಶಿ’ಯನ್ನು ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ಹಾಗಾಗಿ ಒಂದು ಹಾಳೆಯ ಆಕಾಶ ಇನ್ನೊಂದರದ್ದಲ್ಲ.

ಇಂಥ ಅಚ್ಚುಚಿತ್ರಗಳು ಶ್ರೀಮಂತರ ಸೊತ್ತಾಗಿರಲಿಲ್ಲ. ಎದೋ (ಇಂದಿನ ಟೋಕಿಯೊ) ನಗರದ ಬೀದಿಗಳಲ್ಲಿ ಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರಾಟವಾಗುತ್ತಿದ್ದವು. ಇನ್ನೊಬ್ಬ ಕಲಾವಿದ ಹೊಕುಸಾಯ್‌ನ ‘ಮಹಾ ಅಲೆ’ಯೂ ಹಾಗೆ ಬಿಕರಿಯಾದದ್ದೇ; ಅದರ ಒಂದು ಹಳೆಯ ಪ್ರತಿ 2023ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 27 ಲಕ್ಷ ಡಾಲರ್ ದಾಟಿತು.

ಗೋಡೆಗೆ ಹಾಕುವವರು ಮರೆಯಬಾರದ ಸಂಗತಿಯೊಂದಿದೆ: ಈ ಹಾಳೆಗಳಿಗೆ ಬೆಳಕೇ ಶತ್ರು. ಕುಸುಬೆ ಹೂವಿನ ಕೆಂಪಿನಂಥ ಸಸ್ಯಬಣ್ಣಗಳು ಮಾಸಿದರೆ ಮರಳಿ ಬಾರವು. ಅದಕ್ಕೇ ಮ್ಯೂಸಿಯಂಗಳು ಇವನ್ನು ಮಂದ ಬೆಳಕಿನಲ್ಲಿ ಕೆಲವೇ ವಾರ ತೋರಿಸಿ ಒಳಗಿಡುತ್ತವೆ. ಮನೆಯಲ್ಲೂ ಕಿಟಕಿಯ ಎದುರು ಗೋಡೆ ಬೇಡ. ತೇವ ಹೀರುವ ಹೊರಗೋಡೆಯೂ ಬೇಡ. ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತ ರಟ್ಟಿನ ಚೌಕಟ್ಟಿರಲಿ. ಟೇಪ್ ಅಂಟಿಸುವುದು, ಫ್ರೇಮಿಗೆ ಹೊಂದಲಿ ಎಂದು ಅಂಚು ಕತ್ತರಿಸುವುದು ಖಂಡಿತ ಕೂಡದು.

ಹಳೆಯದೇ ಬೇಕೆಂದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಪ್ರಕಾಶಕ ವಾತಾನಾಬೆ ಶೋಜಾಬುರೊ ಈ ಕಲೆಗೆ ಮತ್ತೆ ಜೀವ ಕೊಟ್ಟ. 1923ರ ಟೋಕಿಯೊ ಭೂಕಂಪದ ಬೆಂಕಿಯಲ್ಲಿ ಅವನ ಹಲಗೆಗಳೆಲ್ಲ ಬೂದಿಯಾದವು; ಕಲಾವಿದ ಕವಾಸೆ ಹಾಸುಯಿಯ ರೇಖಾಚಿತ್ರದ ಪುಸ್ತಕಗಳೂ ಹೋದವು. ಹಾಸುಯಿ ಮತ್ತೆ ಊರೂರು ತಿರುಗಿದ. 1925ರ ಅವನ ಜೊಜೊಜಿ ದೇಗುಲದ ಚಿತ್ರದಲ್ಲಿ ಹಿಮ ಬೀಸುತ್ತಿದೆ, ಕೆಂಪು ದ್ವಾರದೆದುರು ಕೊಡೆ ಬಾಗಿಸಿ ಒಬ್ಬಳು ನಡೆಯುತ್ತಿದ್ದಾಳೆ. ಅದೇ ಕಾಲದ ಕಲಾವಿದ ಯೋಶಿದಾ ಹಿರೋಶಿ ಭಾರತಕ್ಕೂ ಬಂದು ತಾಜ್ ಮಹಲನ್ನು ಹಲಗೆಗಿಳಿಸಿದ. ಹಾಯಿದೋಣಿಗಳ ಒಂದೇ ನೋಟವನ್ನು ಬಣ್ಣ ಬದಲಿಸಿ ಬೆಳಗು, ಮಂಜು, ಇರುಳು ಎಂದು ಬೇರೆ ಬೇರೆ ಹೊತ್ತಿನಲ್ಲಿ ತೋರಿಸಿದವನೂ ಅವನೇ.

ಟೋಕಿಯೊದ ಅದಾಚಿ ಸಂಸ್ಥೆ ಇಂದಿಗೂ ಹಿರೋಶಿಗೆ, ಹೊಕುಸಾಯ್‌ರನ್ನು ಹೊಸದಾಗಿ ಕೆತ್ತಿಸಿ ಕೈಯಿಂದಲೇ ಅಚ್ಚು ಹಾಕಿಸುತ್ತದೆ. ಯಂತ್ರದ ಪೋಸ್ಟರಿಗೂ ಇದಕ್ಕೂ ವ್ಯತ್ಯಾಸ ತಿಳಿಯಲು ಒಂದು ಭೂತಗನ್ನಡಿ ಸಾಕು. ಪೋಸ್ಟರಿನಲ್ಲಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು. ಕೈ ಅಚ್ಚಿನ ಹಾಳೆಯನ್ನು ತಿರುವಿದರೆ ನಾರಿನ ಕಾಗದದ ಬೆನ್ನಿಗೂ ಬಣ್ಣ ಇಳಿದಿರುತ್ತದೆ. ಬಿದಿರಿನ ಸಿಪ್ಪೆ ಸುತ್ತಿದ ‘ಬಾರೆನ್’ ಉಜ್ಜಿದ ಸುತ್ತುಸುತ್ತು ಗುರುತು ಅಲ್ಲಿ ಕಾಣುತ್ತದೆ.