ಹ್ಯಾಸ್ಕೆಲ್ ಕಲಿಕೆಯ ವಾಕ್ಯದೋಷಗಳು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ

೧೯೫೧ರಲ್ಲಿ ಯು.ಬಿ.ಡಿ.ಟಿ., ೧೯೭೯ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾದ ದಾವಣಗೆರೆಯಲ್ಲಿ ಕಂಪ್ಯೂಟರ್ ಕಲಿಯುವವರೊಳಗೆ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರೂ ಇದ್ದಾರೆ. ಹರಿಹರದಿಂದ ಬರುವ ಅಂಥ ಕೆಲವು ವಿದ್ಯಾರ್ಥಿಗಳು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಮೊದಲ ಅಭ್ಯಾಸಗಳನ್ನು ಅವರೊಡನೆ ಕುಳಿತು ನೋಡುವ ಅವಕಾಶ ನನಗೆ ಒದಗಿತ್ತು. ಗಣಕವು ತಪ್ಪು ತೋರಿಸಿದಾಗಲೆಲ್ಲ ಅವರು ತಮ್ಮ ಇಂಗ್ಲಿಷನ್ನೇ ದೂರುತ್ತಿದ್ದರು. ಆದರೆ ದೋಷವಿದ್ದುದು ವಾಕ್ಯರಚನೆಯಲ್ಲಿ. ಅದನ್ನು ವಿವರಿಸಬಲ್ಲ ಪರಿಭಾಷೆ ಕನ್ನಡ ಅಧ್ಯಾಪಕರ ಬಳಿಯಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧೯೯೦ರಲ್ಲಿ ಪ್ರಕಟಗೊಂಡ ಹ್ಯಾಸ್ಕೆಲ್ ಒಂದು ಫಂಕ್ಷನಲ್ ಭಾಷೆ. ಇಲ್ಲಿ ಪ್ರೋಗ್ರಾಮ್ ಎಂದರೆ ಆಜ್ಞೆಗಳ ಸಾಲಲ್ಲ. ಮೌಲ್ಯವನ್ನು ಪಡೆದು ಮೌಲ್ಯವನ್ನು ಕೊಡುವ ಫಂಕ್ಷನ್‌ಗಳ ಜೋಡಣೆ. ಪದಗಳ ಗುಂಪೊಂದು ವಾಕ್ಯವಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂದು ಭಾರತೀಯ ಶಾಬ್ದಬೋಧ ಚಿಂತನೆ ಹೇಳುತ್ತದೆ. ಆರಂಭಿಕರ ದೋಷಗಳನ್ನು ಈ ಮೂರರಡಿ ವಿಂಗಡಿಸಬಹುದು. ಕೆಳಗಿನ ಉದಾಹರಣೆಗಳನ್ನು ವಿವರಣೆಯ ಅನುಕೂಲಕ್ಕಾಗಿ ಕನ್ನಡದಲ್ಲಿ ಕೊಟ್ಟಿದೆ.

ಮೊದಲನೆಯದು ಸನ್ನಿಧಿ. ಕನ್ನಡದಲ್ಲಿ ಪದಗಳ ಸಂಬಂಧವನ್ನು ವಿಭಕ್ತಿ ಪ್ರತ್ಯಯ ಸೂಚಿಸುತ್ತದೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ಪದಗಳ ನಡುವೆ ತೆರಪಿಲ್ಲದಿದ್ದರೂ ನಾವು ಅರ್ಥ ಮಾಡಿಕೊಳ್ಳಬಲ್ಲೆವಾದರೆ ಅದಕ್ಕೆ ಪ್ರತ್ಯಯಗಳ ಬಲವೂ ಕಾರಣ. ಹ್ಯಾಸ್ಕೆಲ್‌ನಲ್ಲಿ ಪ್ರತ್ಯಯವಿಲ್ಲ; ಸ್ಥಾನ ಮತ್ತು ತೆರಪುಗಳೇ ಆ ಕೆಲಸವನ್ನು ಮಾಡುತ್ತವೆ. ಫಂಕ್ಷನ್ನಿನ ಪಕ್ಕದಲ್ಲಿರುವ ಮೌಲ್ಯ ಮೊದಲು ಅದಕ್ಕೇ ಸೇರುತ್ತದೆ. ಆದ್ದರಿಂದ ‘ಇಮ್ಮಡಿ ೩ + ೧’ ಎಂದರೆ ೭. ವಿದ್ಯಾರ್ಥಿ ನಿರೀಕ್ಷಿಸುವ ೮ ಬರಬೇಕಾದರೆ ‘ಇಮ್ಮಡಿ (೩ + ೧)’ ಎಂದು ಬರೆಯಬೇಕು. ಸಾಲಿನ ಆರಂಭದ ತೆರಪಿಗೂ ಅರ್ಥವಿದೆ: ಒಂದೇ ಗುಂಪಿನ ಸಾಲುಗಳು ಒಂದೇ ನೇರದಲ್ಲಿ ಆರಂಭವಾಗಬೇಕು, ಒಳಕ್ಕೆ ಸರಿದ ಸಾಲನ್ನು ಹಿಂದಿನ ಸಾಲಿನ ಮುಂದುವರಿಕೆ ಎಂದೇ ಗಣಕ ಭಾವಿಸುತ್ತದೆ.

ಎರಡನೆಯದು ಆಕಾಂಕ್ಷೆ. ‘ಮಳೆ ಬಂದರೆ ಆಟವಿಲ್ಲ’ ಎಂಬುದು ನಮಗೆ ಪೂರ್ಣ ವಾಕ್ಯ. ಹ್ಯಾಸ್ಕೆಲ್‌ಗೆ ಅದು ಅಪೂರ್ಣ. ಪ್ರತಿಯೊಂದು ಪದಪುಂಜವೂ ಒಂದು ಮೌಲ್ಯವನ್ನು ಕೊಡಲೇಬೇಕಾದ್ದರಿಂದ ‘ಇಲ್ಲದಿದ್ದರೆ’ ಎಂಬ ಭಾಗವನ್ನು ಅದು ಅಪೇಕ್ಷಿಸುತ್ತದೆ. ಇಲ್ಲಿ ವಿದ್ಯಾರ್ಥಿಯನ್ನು ತಪ್ಪಿಗೆ ಒಯ್ಯುವುದು ಅವನ ಅಜ್ಞಾನವಲ್ಲ, ಮಾತೃಭಾಷೆಯ ಅಭ್ಯಾಸ.

ಮೂರನೆಯದು ಯೋಗ್ಯತೆ. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ವ್ಯಾಕರಣ ಸರಿಯಿದ್ದರೂ ಪದಾರ್ಥಗಳು ಹೊಂದುವುದಿಲ್ಲ. ಸಂಖ್ಯೆಗೆ ಪದವನ್ನು ಕೂಡಿಸಹೊರಟರೆ ಹ್ಯಾಸ್ಕೆಲ್ ತಡೆಯುವುದು ಇದೇ ಬಗೆಯ ದೋಷವನ್ನು. ನಿಜವಾದ ತೊಡಕಿರುವುದು ಒಂದು ದೋಷ ಮತ್ತೊಂದರ ವೇಷದಲ್ಲಿ ಬಂದಾಗ. ಋಣಸಂಖ್ಯೆಯನ್ನು ಉದ್ದೇಶಿಸಿ ‘ಇಮ್ಮಡಿ -೧’ ಎಂದು ಬರೆದರೆ, ಇಮ್ಮಡಿಯಿಂದ ಒಂದನ್ನು ಕಳೆಯಬೇಕೆಂದು ಗಣಕ ಗ್ರಹಿಸುತ್ತದೆ. ಅದು ದೂರುವುದು ಯೋಗ್ಯತೆಯನ್ನು, ತಪ್ಪಿರುವುದು ಸನ್ನಿಧಿಯಲ್ಲಿ. ‘-೧’ನ್ನು ಆವರಣದಲ್ಲಿ ಇಟ್ಟರೆ ಸಾಕು. ಸೂಚನೆಯ ಇಂಗ್ಲಿಷನ್ನು ಪದಶಃ ಅನುವಾದಿಸಿಕೊಟ್ಟರೂ ಈ ತೊಡಕು ಬಗೆಹರಿಯದು.

ಆದ್ದರಿಂದ ಸೂಚನೆಯನ್ನು ಓದುವ ಮೊದಲು ‘ಯಾವುದು ಯಾವುದಕ್ಕೆ ಸೇರಿದೆ? ಏನು ಉಳಿದಿದೆ? ಯಾವುದು ಹೊಂದುತ್ತಿಲ್ಲ?’ ಎಂದು ಕನ್ನಡದಲ್ಲಿಯೇ ಕೇಳಿಕೊಳ್ಳುವ ಕ್ರಮವನ್ನು ಕಲಿಸಬೇಕಾಗಿದೆ. ವ್ಯಾಕರಣವನ್ನು ಪರೀಕ್ಷೆಗಷ್ಟೇ ಮೀಸಲಾದ ವಿಷಯವೆಂದು ತಿಳಿದ ವಿದ್ಯಾರ್ಥಿಗೆ ಅದು ವಿಚಾರದ ಸಾಧನವೆಂಬುದೂ ಆಗ ಮನವರಿಕೆಯಾದೀತು.