ಹಳೆಯ ಗಣಕಕ್ಕೆ ಹೊಸ ಮದರ್‌ಬೋರ್ಡ್: ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಎಂಟು ಹತ್ತು ವರ್ಷಗಳ ಹಿಂದೆ ಮಕ್ಕಳ ಓದಿಗೆಂದು ಕೊಂಡ ಗಣಕಯಂತ್ರ ಮನೆಯಲ್ಲಿ ಇನ್ನೂ ನಡೆಯುತ್ತಿದೆ. ಮಾನಿಟರ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ. ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ "ಎಲ್ಲಾ ತೆಗೆದುಹಾಕಿ, ಹೊಸದು ತಗೊಳ್ಳಿ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಲ್ಲವನ್ನೂ ಬಿಸಾಡಬೇಕಾಗಿಲ್ಲ. ಹಾಗೆಂದು ಎಲ್ಲವನ್ನೂ ಉಳಿಸಿಕೊಳ್ಳುವುದೂ ಜಾಣತನವಲ್ಲ.

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಂಥ ಕಡೆ ಇರುವವರಿಗೆ ಈ ಆಯ್ಕೆ ಇನ್ನಷ್ಟು ಬಿಗಿಯಾದದ್ದು. ಬೇಕಾದ ಬೋರ್ಡಿಗಾಗಿ ತುಮಕೂರಿಗೋ, ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಬೇಕು. ತಂದ ಬೋರ್ಡು ಮನೆಯಲ್ಲಿರುವ ಭಾಗಗಳಿಗೆ ಹೊಂದದಿದ್ದರೆ ಇನ್ನೊಂದು ದಿನದ ದುಡಿಮೆ, ಇನ್ನೊಂದು ಸಲದ ಬಸ್ ಚಾರ್ಜು ದಂಡ. ಆದ್ದರಿಂದ ಆಯ್ಕೆ ಅಂಗಡಿಯ ಕಟ್ಟೆಯ ಮೇಲಲ್ಲ, ಮನೆಯಲ್ಲೇ ಮುಗಿಯಬೇಕು. ತೆರೆಯ ಮೇಲೆ ತೋರಿಸಿದ್ದು ಕ್ಷಣದಲ್ಲಿ ಸರಿದುಹೋಗುತ್ತದೆ. ಈ ಪುಟವನ್ನಾದರೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು.

ತೊಂದರೆ ಬೋರ್ಡಿನದೇ?

ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಗಣಕ ನಿಧಾನವಾಗಿದೆ ಎಂಬುದಷ್ಟೇ ದೂರಾದರೆ ತಪ್ಪು ಬಹುಪಾಲು ಹಳೆಯ ಹಾರ್ಡ್ ಡಿಸ್ಕಿನದು. ಅದರೊಳಗೆ ತಟ್ಟೆ ತಿರುಗಬೇಕು, ಓದುವ ಮುಳ್ಳು ಜಾಗ ಹುಡುಕಿಕೊಂಡು ಚಲಿಸಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆಯ ಬೋರ್ಡಿನ ಸಾಟಾ ಕಿಂಡಿಗೆ ಒಂದು ಚಿಕ್ಕ ಎಸ್‌ಎಸ್‌ಡಿ ಜೋಡಿಸಿದರೆ ಗಣಕ ಚುರುಕಾಗುತ್ತದೆ. ಮುಂದೆ ಬೋರ್ಡ್ ಬದಲಿಸಿದಾಗ ಅದೇ ಎಸ್‌ಎಸ್‌ಡಿ ಹೊಸ ಬೋರ್ಡಿಗೂ ಬರುತ್ತದೆ. ಬೋರ್ಡೇ ಕೆಟ್ಟಿದ್ದರೆ, ಅಥವಾ ವಿಂಡೋಸ್ 11 ಬೇಕೇಬೇಕೆಂದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ನಿಧಾನವಾಗಿ ಹಳತಾಗುವವು, ಬೇಗ ಹಳತಾಗುವವು

ಮದರ್‌ಬೋರ್ಡ್ ಎಂದರೆ ಉಳಿದೆಲ್ಲ ಭಾಗಗಳು ಬಂದು ಸೇರುವ ಹಲಗೆ. ಪ್ರೊಸೆಸರಿಗೊಂದು ಸಾಕೆಟ್, ರ‍್ಯಾಮಿಗೊಂದು ಸ್ಲಾಟ್, ವಿದ್ಯುತ್ತಿಗೊಂದು ಕನೆಕ್ಟರ್. ಇಲ್ಲಿ ಅಳತೆ ತಪ್ಪಿದರೆ ಉಜ್ಜಿ ಕೂರಿಸಲಾಗದು.

ಈ ಅಳತೆಗಳಿಗೆ ಒಂದೇ ಆಯುಷ್ಯವಿಲ್ಲ. ಕ್ಯಾಬಿನೆಟ್ಟಿಗೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಗೂ ಆಧಾರವಾದ ಎಟಿಎಕ್ಸ್ ಮಾದರಿಯನ್ನು ಇಂಟೆಲ್ ಸಂಸ್ಥೆ 1995ರಲ್ಲಿ ರೂಪಿಸಿತು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದೇ ಸಂಸ್ಥೆಯ ಪ್ರೊಸೆಸರ್ ಸಾಕೆಟ್ 2011ರಲ್ಲಿ ಎಲ್‌ಜಿಎ 1155, 2013ರಲ್ಲಿ 1150, 2015ರಲ್ಲಿ 1151, 2020ರಲ್ಲಿ 1200, 2021ರಲ್ಲಿ 1700 ಎಂದು ಬದಲಾಗುತ್ತಲೇ ಬಂತು. ರ‍್ಯಾಮ್ ಕೂಡ ಡಿಡಿಆರ್3ರಿಂದ 4ಕ್ಕೆ, 4ರಿಂದ 5ಕ್ಕೆ ಹೋಯಿತು.

ಹಳೆಯ ಮನೆ ಕೆಡವಿ ಕಟ್ಟುವಾಗ ಗಟ್ಟಿ ಕಂಬ, ಬಾಗಿಲು ಉಳಿಸಿಕೊಳ್ಳುತ್ತೇವೆ. ಗೆದ್ದಲು ಹಿಡಿದ ತೊಲೆಗೆ ಹೊಂದುವಂತೆ ಹೊಸ ಮನೆಯ ಅಳತೆ ಇಡುವುದಿಲ್ಲ. ಇಲ್ಲಿಯೂ ಹಾಗೆಯೇ. ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ ಇವು ಕಂಬಗಳು. ಹಳೆಯ ಪ್ರೊಸೆಸರ್ ಮತ್ತು ಡಿಡಿಆರ್3 ರ‍್ಯಾಮ್ ಉಳಿಸುವ ಆಸೆಗೆ ಬಿದ್ದರೆ ಹೊಸ ಬೋರ್ಡೂ ಹಳೆಯ ಕಾಲದ್ದೇ ಆಗಬೇಕಾಗುತ್ತದೆ.

ಹೊರಡುವ ಮುನ್ನ ಬರೆದುಕೊಳ್ಳಿ

ಗಣಕ ನಡೆಯುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗ ನೋಡಿ. ಪ್ರೊಸೆಸರಿನ ಹೆಸರು ಅಲ್ಲಿರುತ್ತದೆ. ಇಂಟೆಲ್ ಕೋರ್ ಐ3-4130 ಎಂದಿದ್ದರೆ ಕೊನೆಯ ಮೂರು ಅಂಕಿ ಬಿಡಿ. ಉಳಿದ 4 ಎಂಬುದೇ ಪೀಳಿಗೆ. ಐ3-10100 ಎಂದಿದ್ದರೆ 10ನೆಯ ಪೀಳಿಗೆ. ವಿಂಡೋಸ್ 11 ಸಾಮಾನ್ಯವಾಗಿ 8ನೆಯ ಪೀಳಿಗೆಯಿಂದ ಮೇಲಿನವನ್ನಷ್ಟೇ ಒಪ್ಪುತ್ತದೆ.

ಗಣಕ ಸತ್ತೇ ಹೋಗಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ಪಟ್ಟಿಯ ಮೇಲಿನ ಚೀಟಿ ಓದಿ. ಪಿಸಿ3 ಎಂದಿದ್ದರೆ ಡಿಡಿಆರ್3, ಪಿಸಿ4 ಎಂದಿದ್ದರೆ ಡಿಡಿಆರ್4. ಡಿಡಿಆರ್4 ಮತ್ತು 5 ಎರಡಕ್ಕೂ 288 ಪಿನ್ನುಗಳಿದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.

ಕೊನೆಗೆ ಕ್ಯಾಬಿನೆಟ್. ಮನೆಬಳಕೆಗೆ ಸಾಕಾಗುವ ಮೈಕ್ರೋ ಎಟಿಎಕ್ಸ್ ಬೋರ್ಡಿನ ಗರಿಷ್ಠ ಅಳತೆ 244 ಮಿ.ಮೀ. ಚೌಕ. ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಅದು ಹಿಡಿಸುತ್ತದೆ. ಕಚೇರಿಗಳಿಂದ ಹರಾಜಾಗಿ ಬರುವ ದೊಡ್ಡ ಕಂಪನಿಗಳ ಗಣಕ ನಿಮ್ಮದಾದರೆ ಮಾತ್ರ ಎಚ್ಚರ. ಅವುಗಳಲ್ಲಿ ಹಲವಕ್ಕೆ ಬೋರ್ಡಿನ ಆಕಾರವೂ ವಿದ್ಯುತ್ ಕನೆಕ್ಟರೂ ಬೇರೆಯೇ ಇರುತ್ತವೆ. ಅಂಥವಕ್ಕೆ ಪೇಟೆಯ ಬೋರ್ಡ್ ಕೂರುವುದು ಕಷ್ಟ.

ನಿಮ್ಮದು ಯಾವ ಬಗೆ?

ಡಿಡಿಆರ್3 ಇದ್ದು ಬೋರ್ಡ್ ಮಾತ್ರ ಕೆಟ್ಟಿದ್ದರೆ, ಅದೇ ಸಾಕೆಟ್ಟಿನ ಬೋರ್ಡ್ ಅಗ್ಗದ ದಾರಿ. 4ನೆಯ ಪೀಳಿಗೆಗೆ ಎಚ್81 ಚಿಪ್‌ಸೆಟ್ಟಿನದು ಸಾಕು. ಬೆರಳಚ್ಚು, ಪಾಠದ ವಿಡಿಯೋ, ಅರ್ಜಿ ತುಂಬುವುದು ಇಷ್ಟೇ ಕೆಲಸವಾದರೆ ಲಿನಕ್ಸ್ ಹಾಕಿಕೊಂಡು ಇನ್ನು ಕೆಲವು ವರ್ಷ ನಡೆಸಬಹುದು. ಆದರೆ ವಿಂಡೋಸ್ 11 ಇದಕ್ಕೆ ಸಲ್ಲದು. ಇದರ ಮೇಲೆ ಹೆಚ್ಚು ಹಣ ಸುರಿಯಬೇಡಿ.

ಡಿಡಿಆರ್4 ಇದ್ದರೆ ನೀವು ಅದೃಷ್ಟವಂತರು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಲೋಕದೆಲ್ಲೆಡೆ ಗಗನಕ್ಕೇರಿತು. ಕೈಯಲ್ಲಿರುವ 8 ಅಥವಾ 16 ಜಿಬಿ ಬಿಸಾಡುವ ವಸ್ತುವಲ್ಲ. ರ‍್ಯಾಮ್ ಇಟ್ಟುಕೊಂಡು ಬೋರ್ಡ್ ಮತ್ತು ಪ್ರೊಸೆಸರ್ ಎರಡನ್ನೂ ಬದಲಿಸಿ. ಎರಡು ದಾರಿಗಳಿವೆ. ಒಂದು, ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡು. ಇನ್ನೊಂದು, ಎಲ್‌ಜಿಎ 1700ರ ಎಚ್610 ಬೋರ್ಡು. ಎಚ್610ರಲ್ಲಿ ಡಿಡಿಆರ್4ರದೂ ಡಿಡಿಆರ್5ರದೂ ಬಂದಿವೆ. ಡಬ್ಬಿಯ ಮೇಲೆ ಓದಿಯೇ ಕೊಳ್ಳಿ. ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ.

ಡಿಡಿಆರ್2 ಕಾಲದ ಗಣಕವಾದರೆ ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್ ಉಳಿಸಿ, ಉಳಿದದ್ದಕ್ಕೆ ಕೈಮುಗಿಯಿರಿ.

ಮೂರು ಬಲೆಗಳು

ಎಲ್‌ಜಿಎ 1151 ಎಂಬ ಹೆಸರು ಎರಡು ಬಗೆಯ ಬೋರ್ಡುಗಳಿಗಿದೆ. 6 ಮತ್ತು 7ನೆಯ ಪೀಳಿಗೆಗೆ 100 ಹಾಗೂ 200 ಸರಣಿಯವು, 8 ಮತ್ತು 9ನೆಯದಕ್ಕೆ 300 ಸರಣಿಯವು. ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂತೀತು, ಕೆಲಸ ಮಾಡದು.

ಎರಡನೆಯದು ಚಿತ್ರದ ಸಮಸ್ಯೆ. ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಎಎಂ4ರ ರೈಜೆನ್‌ಗಳಲ್ಲಿ 5600ಜಿ ಎಂಬಂತೆ 'ಜಿ' ಇರುವವಕ್ಕೆ ಗ್ರಾಫಿಕ್ಸ್ ಇದೆ, ಉಳಿದ ಬಹುಪಾಲಿಗೆ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯಲ್ಲಿ ಇಂಥದ್ದನ್ನು ತಂದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಹಳೆಯ ಮಾನಿಟರಿಗೆ ವಿಜಿಎ ಕಿಂಡಿಯೊಂದೇ ಇದ್ದರೆ ಬೋರ್ಡಿನಲ್ಲೂ ಅದಿದೆಯೇ ನೋಡಿ.

ಮೂರನೆಯದು ಬಯಾಸ್. 2020ರ ಮುಂಚೆ ತಯಾರಾದ ಎಎಂ4 ಬೋರ್ಡಿಗೆ ರೈಜೆನ್ 5000 ಸರಣಿಯ ಪರಿಚಯವೇ ಇರುವುದಿಲ್ಲ. ಹೊಸ ಬಯಾಸ್ ಹಾಕಿಸಿ, ಅಂಗಡಿಯಲ್ಲೇ ಪರದೆ ಬೆಳಗಿಸಿ ತೋರಿಸಲು ಕೇಳಿ.

ಇಲ್ಲಿ ಮಾತ್ರ ಜಿಪುಣತನ ಬೇಡ

ಎಸ್‌ಎಂಪಿಎಸ್ ಪೆಟ್ಟಿಗೆ ಮನೆಯ 230 ವೋಲ್ಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುತ್ತದೆ. ಅದರೊಳಗಿನ ಕೆಪಾಸಿಟರುಗಳಲ್ಲಿ ಒಂದು ದ್ರವವಿರುತ್ತದೆ. ವರ್ಷಗಳ ಬಿಸಿಗೆ ಅದು ಆರುತ್ತಾ ಬಂದಂತೆ ವಿದ್ಯುತ್ತಿನ ಅಲುಗಾಟ ಹೆಚ್ಚಿ ಬೋರ್ಡಿಗೆ ಪೆಟ್ಟಾಗುತ್ತದೆ. ಮಾದರಿ ಹಳತಾಗದಿದ್ದರೂ ಪೆಟ್ಟಿಗೆ ಸವೆಯುತ್ತದೆ ಎಂಬುದನ್ನು ಮರೆಯಬೇಡಿ. ಹತ್ತು ವರ್ಷದ ಅಗ್ಗದ ಎಸ್‌ಎಂಪಿಎಸ್ಸನ್ನು ಹೊಸ ಬೋರ್ಡಿಗೆ ಜೋಡಿಸುವುದು ಉಳಿತಾಯವಲ್ಲ. ಹೊಸದನ್ನು ಕೊಳ್ಳುವಾಗ 24 ಪಿನ್ನಿನ ದೊಡ್ಡ ಕನೆಕ್ಟರಿನ ಜೊತೆ ಪ್ರೊಸೆಸರಿಗೆ 8 ಪಿನ್ನಿನದೂ ಇರಲಿ. ಹಳೆಯ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹಳ್ಳಿಯ ಮನೆಗಳಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿ. ವೋಲ್ಟೇಜ್ ಏರಿಳಿಯುವ ಕಡೆ ಯುಪಿಎಸ್ ಇರಲೇಬೇಕು.

ಕಡತಗಳ ಜೋಪಾನ

ಬೋರ್ಡ್ ಬಿಚ್ಚುವ ಮೊದಲು ಫೋಟೊ, ಅಂಕಪಟ್ಟಿ, ಪಹಣಿ ಪ್ರತಿಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಹಳೆಯ ವ್ಯವಸ್ಥೆಯ ಡಿಸ್ಕಿನಿಂದ ಹೊಸ ಬೋರ್ಡ್ ಆರಂಭವಾಗದೇ ಇರಬಹುದು. ಹಾಗಾದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬೇಡಿ, ಒಳಗಿನ ಕಡತಗಳು ಹಾಗೆಯೇ ಇರುತ್ತವೆ. ಗಣಕದ ಜೊತೆಗೇ ಬಂದ ವಿಂಡೋಸ್ ಪರವಾನಗಿ ಹಳೆಯ ಬೋರ್ಡಿಗೆ ಕಟ್ಟುಬಿದ್ದಿರುತ್ತದೆ. ಹೊಸ ಪರವಾನಗಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಿದ್ದರೆ ಆ ಫಾಂಟುಗಳನ್ನೂ ಜೊತೆಗೆ ನಕಲು ಮಾಡಿ, ಬಿಡುವಾದಾಗ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಹೊಸ ಗಣಕದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡಾವು.

ಉಳಿದ ಹಳೆಯ ಬೋರ್ಡನ್ನು ತಾಮ್ರದಾಸೆಗೆ ಸುಡಬೇಡಿ. ಆ ಹೊಗೆ ವಿಷ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ನೋಂದಾಯಿತ ಮರುಬಳಕೆದಾರರಿಗೆ ತಲುಪುವಂತೆ ಕೊಡಿ.

ಪೇಟೆಗೆ ಹೊರಡುವಾಗ ಚೀಟಿಯಲ್ಲಿ ಐದು ಸಂಗತಿಗಳಿರಲಿ: ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮಿನ ಬಗೆ, ಕ್ಯಾಬಿನೆಟ್ಟಿನ ಒಳ ಅಳತೆ, ಎಸ್‌ಎಂಪಿಎಸ್ಸಿನ ಕನೆಕ್ಟರುಗಳು, ಮಾನಿಟರಿನ ಕಿಂಡಿ. ಸಾಧ್ಯವಾದರೆ ಹಳೆಯ ರ‍್ಯಾಮನ್ನೂ ಕಾಗದದಲ್ಲಿ ಸುತ್ತಿ ಕೊಂಡೊಯ್ಯಿರಿ. ಹೊಂದದಿದ್ದರೆ ಎಷ್ಟು ದಿನದೊಳಗೆ ವಾಪಸು ಪಡೆಯುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.