ಸಂಘದ ಗಾಡಿಗೆ ಯಾವ ಇಂಧನ ಹೊಂದೀತು?

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದ ಸಂಗತಿಯನ್ನು ಹಿರಿಯರ ಬಾಯಿಂದ ಹಲವು ಬೆಳೆಗಾರ ಬಾಂಧವರು ಕೇಳಿರಬಹುದು. ಬಸ್ಸಿಗೆ ಜೋಡಿಸಿದ ಒಲೆಯಲ್ಲಿ ಇದ್ದಿಲು ಉರಿಸಿ, ಬಂದ ಅನಿಲವನ್ನು ಎಂಜಿನ್ನಿಗೆ ಬಿಡುತ್ತಿದ್ದರು. ಇದ್ದಿಲು ಊರಿನಲ್ಲೇ ಸಿಗುತ್ತಿತ್ತು, ನಿಜ. ಆದರೆ ಎಂಜಿನ್ನಿನ ಶಕ್ತಿ ತಗ್ಗಿ, ಏರು ಬಂದರೆ ಬಸ್ಸು ಸೋಲುತ್ತಿತ್ತು. ಪೆಟ್ರೋಲು ಮತ್ತೆ ಸಿಕ್ಕಿದೊಡನೆ ಆ ಒಲೆಗಳು ಮೂಲೆ ಸೇರಿದವು. ಇಂಧನ ಅಗ್ಗವಾಗಿದ್ದರೆ ಸಾಲದು, ದಾರಿಗೂ ಹೊರೆಗೂ ಹೊಂದಬೇಕು.

ಈಗ ಮತ್ತೆ ಬದಲಿ ಇಂಧನದ ಮಾತು ಎದ್ದಿದೆ. ಗೊಬ್ಬರ ತರುವ, ಅಡಿಕೆ ಕಾಫಿ ಒಯ್ಯುವ ಗಾಡಿಯ ಡೀಸೆಲ್ ಖರ್ಚು ಕೊನೆಗೆ ಬೀಳುವುದು ಸದಸ್ಯರ ಪಟ್ಟಿಯ ಮೇಲೆಯೇ. ಆದ್ದರಿಂದ ಈ ವಿಷಯವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಮೊದಲು ಬ್ಯಾಟರಿ ಗಾಡಿ. ಇದು ಹೊಸದೇನಲ್ಲ. ಬ್ರಿಟನ್ನಿನಲ್ಲಿ ಕಳೆದ ಶತಮಾನದಲ್ಲೇ ಸಾವಿರಾರು ಬ್ಯಾಟರಿ ಗಾಡಿಗಳು ಮನೆಮನೆಗೆ ಹಾಲು ಹಂಚುತ್ತಿದ್ದವು. ಗೊತ್ತಾದ ಚಿಕ್ಕ ದಾರಿ, ಹೆಜ್ಜೆಹೆಜ್ಜೆಗೆ ನಿಲುಗಡೆ, ಕೆಲಸ ಮುಗಿದರೆ ಡಿಪೋಗೆ ವಾಪಸು, ಅಲ್ಲಿ ಚಾರ್ಜು. ಇಂಥ ಕೆಲಸಕ್ಕೆ ಬ್ಯಾಟರಿಯನ್ನು ಮೀರಿಸುವುದು ಕಷ್ಟ. ಡೀಸೆಲ್ ಎಂಜಿನ್ನು ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನಷ್ಟೇ ಓಟಕ್ಕೆ ಕೊಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹೆಚ್ಚಿನ ಪಾಲು ಚಕ್ರಕ್ಕೇ ತಲುಪುತ್ತದೆ.

ಆದರೆ ನಮ್ಮದು ಘಟ್ಟದ ದಾರಿ. 2022ರಲ್ಲಿ ಬಂದ ಟಾಟಾ ಏಸ್ ಬ್ಯಾಟರಿ ಗಾಡಿಯನ್ನೇ ನೋಡೋಣ. ಹೊರುವ ಭಾರ 600 ಕಿಲೋ, ಅಂದರೆ 50 ಕಿಲೋದ 12 ಚೀಲ ಕಾಫಿ. ಬ್ಯಾಟರಿ 21.3 ಯೂನಿಟ್ಟಿನದು. ಒಮ್ಮೆ ಚಾರ್ಜು ಮಾಡಿದರೆ 154 ಕಿ.ಮೀ. ಓಟವೆಂದು ಕಂಪನಿ ಹೇಳಿತು. ಹೊರೆಯೂ ಸೇರಿ 1,800 ಕಿಲೋ ತೂಗುವ ಗಾಡಿ 600 ಮೀಟರ್ ಎತ್ತರ ಏರಲು, ಆ ಏರಿಗೆಂದೇ ಸುಮಾರು 3 ಯೂನಿಟ್ ಬೇಕು. ಬ್ಯಾಟರಿಯ ಏಳನೇ ಒಂದು ಪಾಲು ಅಲ್ಲಿಗೇ ಹೋಯಿತು. ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನ ಕೆಲಸ ಮಾಡಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ, ಪೂರ್ತಿ ಅಲ್ಲ. ಆದ್ದರಿಂದ ಕಂಪನಿ ಹೇಳಿದ ಕಿಲೋಮೀಟರನ್ನು ಘಟ್ಟದಲ್ಲಿ ನಂಬಿ ಕೂರಬಾರದು. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟು ಹೋದರೆ ಬೆಳಿಗ್ಗೆ ಗಾಡಿ ಹೊರಡದು ಎಂಬುದೂ ನೆನಪಿರಲಿ.

ಎರಡನೆಯದು ಸಿ.ಎನ್.ಜಿ. ನೈಸರ್ಗಿಕ ಅನಿಲವನ್ನು ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಿ ಸಿಲಿಂಡರಿನಲ್ಲಿ ತುಂಬುತ್ತಾರೆ. ಹೊಗೆ ಕಡಿಮೆ, ಬ್ಯಾಟರಿಯಂತೆ ಗಂಟೆಗಟ್ಟಲೆ ಕಾಯಬೇಕಿಲ್ಲ. ದೆಹಲಿಯ ಬಸ್ಸುಗಳೆಲ್ಲ ಸಿ.ಎನ್.ಜಿ.ಗೆ ಬದಲಾಗಬೇಕೆಂದು ಸುಪ್ರೀಂ ಕೋರ್ಟು 1998ರಲ್ಲಿ ಆಜ್ಞೆ ಮಾಡಿತು. ಗಾಡಿಗಳು ಬಂದವು, ಪಂಪುಗಳು ಸಾಲಲಿಲ್ಲ. ಆರಂಭದ ವರ್ಷಗಳಲ್ಲಿ ಚಾಲಕರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ರಾಜಧಾನಿಯಲ್ಲೇ ಹೀಗಾದರೆ, ಪಂಪು ದೂರವಿರುವ ಹೋಬಳಿಯ ಪಾಡೇನು? ಅನಿಲ ತುಂಬಿಸಲೆಂದೇ 40 ಕಿ.ಮೀ. ಹೋಗಿಬಂದರೆ ಉಳಿತಾಯ ದಾರಿಯಲ್ಲೇ ಕರಗುತ್ತದೆ.

ಮೂರನೆಯದು ಹೊಂಗೆ ಎಣ್ಣೆಯಿಂದ ಮಾಡುವ ಬಯೋಡೀಸೆಲ್. ಹಸಿ ಎಣ್ಣೆಯನ್ನು ಹಾಗೆಯೇ ಟ್ಯಾಂಕಿಗೆ ಸುರಿಯುವ ಸಾಹಸ ಬೇಡ. ಅದು ಡೀಸೆಲಿಗಿಂತ ಬಹಳ ಮಂದ. ಇಂಜೆಕ್ಟರಿನಲ್ಲಿ ಕಿಟ್ಟ ಕಟ್ಟುತ್ತದೆ. ಮೆಥನಾಲ್ ಸೇರಿಸಿ, ಗ್ಲಿಸರಿನ್ ಬೇರ್ಪಡಿಸಿ, ಶುದ್ಧ ಮಾಡಿದ ಮೇಲಷ್ಟೇ ಅದು ಎಂಜಿನ್ನಿಗೆ ಯೋಗ್ಯ. ಪಲ್ಪಿಂಗ್ ನೀರಿನಿಂದಲೂ ಗೋಬರ್ ಗ್ಯಾಸಿನಂತೆ ಅನಿಲ ಪಡೆಯಬಹುದು. ಆದರೆ ಗಾಡಿಗೆ ಹಾಕಲು ಅದನ್ನು ಶುದ್ಧಮಾಡಿ ಒತ್ತಿ ತುಂಬಬೇಕು. ಸಣ್ಣ ತೋಟದವರು ಅದನ್ನು ಒಲೆಗೆ ಬಳಸುವುದೇ ಜಾಣತನ.

ಹಾಗಾದರೆ ಮಾಡಬೇಕಾದ್ದೇನು? ಗಾಡಿಯ ಬೆಲೆಯನ್ನಾಗಲಿ ಸಬ್ಸಿಡಿಯನ್ನಾಗಲಿ ನೋಡುವ ಮೊದಲು ದಾರಿಯನ್ನು ನೋಡಬೇಕು. ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಚೀಲ, ಎಷ್ಟು ಏರು, ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಸುಗ್ಗಿಯಲ್ಲಿ ಒಂದು ತಿಂಗಳು, ಮಳೆಗಾಲದಲ್ಲಿ ಒಂದು ತಿಂಗಳು ಪುಸ್ತಕದಲ್ಲಿ ಬರೆದಿಡಬೇಕು. ಊರೊಳಗೆ ಗೊಬ್ಬರ ಹಂಚುವ ಚಿಕ್ಕ ಗಾಡಿಗೆ ಬ್ಯಾಟರಿ ಹೊಂದೀತು. ಘಟ್ಟ ಇಳಿದು ಮಂಗಳೂರಿಗೆ ಹೋಗುವ ತುಂಬಿದ ಲಾರಿಗೆ ಸದ್ಯ ಡೀಸೆಲೇ ಇರಲಿ ಎಂದೂ ಆ ಪುಸ್ತಕ ಹೇಳೀತು. ಎರಡಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ಗಾಡಿ ಕೊಳ್ಳುವ ವಿಷಯ ಸಭೆಗೆ ಬಂದಾಗ ಸದಸ್ಯರು ಮೊದಲು ಆ ಪುಸ್ತಕವನ್ನೇ ಕೇಳಬೇಕೆಂದು ನಮ್ಮ ವಿನಂತಿ. ಕೊಳ್ಳುವ ಹಣ ನಮ್ಮೆಲ್ಲರದು.